ಸುಮ್ನೆ ನೋಡು ಅಂದಿದ್ದೆ

ನನ್ನ ತರಗತಿ ಎಷ್ಟು ಶಾಂತವಾಗಿದೆ ಎಂದು ಬಂದವರೆಲ್ಲ ಹೊಗಳಿದ ವರ್ಷವೇ ನಾನು ಮಕ್ಕಳಿಗೆ ಅತಿ ಕಡಿಮೆ ಕಲಿಸಿದ ವರ್ಷ. ಅದು 2022ನೇ ಇಸವಿ.

ಹನೂರು ತಾಲ್ಲೂಕಿನ ಕಾಡಂಚಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ನಲಿಕಲಿ ಶಿಕ್ಷಕಿ. ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ನನ್ನ ಹತ್ತಿರ ಕೂರುತ್ತಾರೆ. ಮನೆ ಕೊಳ್ಳೇಗಾಲದಲ್ಲಿ. ದಿನಾ ಬೆಳಿಗ್ಗೆ ಮಾದಪ್ಪನ ಬೆಟ್ಟದ ಬಸ್ಸು ಹತ್ತಿ ಮಧುವನಹಳ್ಳಿ, ಕಾಮಗೆರೆ ಕಳೆದು ಹನೂರಿಗೆ, ಅಲ್ಲಿಂದ ಮುಂದಕ್ಕೆ ಶಾಲೆಗೆ. ತವರು ಯಳಂದೂರಿನ ಪಕ್ಕದ ಹಳ್ಳಿ. ಅಲ್ಲಿ ಅವ್ವ ಈಗಲೂ ರೇಷ್ಮೆ ಹುಳು ಸಾಕುತ್ತಾಳೆ.

ಮಕ್ಕಳಿಗೆ ವಿಡಿಯೊ ತೋರಿಸುವ ಯೋಚನೆ ನನ್ನ ತಲೆ ಹೊಕ್ಕಿದ್ದು ಕೊರೋನಾ ಕಾಲದಲ್ಲಿ. 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಆಗಸ್ಟಿನಲ್ಲಿ ವಿದ್ಯಾಗಮ ಬಂತು. ಮಾರಮ್ಮನ ಗುಡಿ ಜಗಲಿ, ಹುಣಸೇಮರದ ನೆರಳು, ಯಾರದೋ ಮನೆ ಪಡಸಾಲೆ ಎಂದು ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡಿದೆವು. ಸ್ವಲ್ಪ ದಿನಕ್ಕೆ ಅದೂ ನಿಂತಿತು. ವಾಟ್ಸಾಪಿನಲ್ಲಿ ಲಿಂಕ್ ಕಳಿಸುತ್ತಿದ್ದೆ. ಅದನ್ನು ನೋಡಬೇಕಾದರೆ ಊರ ಹಿಂದಿನ ಬಂಡೆ ಹತ್ತಬೇಕು, ಸಿಗ್ನಲ್ಲು ಅಲ್ಲೇ ಸಿಗುವುದು. ಫೋನಿದ್ದ ಮನೆಗಳೇ ಅರ್ಧ. ಒಂದರಿಂದ ಐದನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಲೆಕ್ಕ ಹಾಕಿದರೆ ಹತ್ತೊಂಬತ್ತು ತಿಂಗಳು. ಒಂದನೇ ತರಗತಿಯ ಹೊಸ್ತಿಲನ್ನೇ ತುಳಿಯದ ಮಕ್ಕಳು ಬಂದು ಎರಡನೇ ತರಗತಿಯಲ್ಲಿ ಕೂತರು. ಪೆನ್ಸಿಲ್ ಹಿಡಿಯುವುದಕ್ಕೂ ಕೈ ಬಗ್ಗುತ್ತಿರಲಿಲ್ಲ. ಮರುವರ್ಷ ಇಲಾಖೆ ಕಲಿಕಾ ಚೇತರಿಕೆ ಎಂಬ ಕಾರ್ಯಕ್ರಮ ತಂದಿತು. ಅದೇ ಹೊತ್ತಿಗೆ, ನಮ್ಮೂರಿನವರೇ ಆಗಿ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಕೆಲವು ಹುಡುಗರು ದುಡ್ಡು ಕೂಡಿಸಿ ಶಾಲೆಗೊಂದು ದೊಡ್ಡ ಟಿವಿ ತಂದುಕೊಟ್ಟರು. ಕಾಯಿ ಒಡೆದು, ಮಕ್ಕಳಿಗೆ ಕೇಸರಿಬಾತ್ ಹಂಚಿ ಶುರು ಮಾಡಿದೆವು. ಹಿಂದೆ ಬಿದ್ದ ಮಕ್ಕಳನ್ನು ಇದು ಎತ್ತಿ ಮುಂದೆ ಕೂರಿಸುತ್ತದೆ ಎಂದು ನಾನು ಮನಸಾರೆ ನಂಬಿದ್ದೆ.

ವಿಡಿಯೊ ಆರಿಸುವ ಜವಾಬ್ದಾರಿ ನನ್ನದು. ಹೇಗೆ ಆರಿಸುತ್ತಿದ್ದೆ ಎಂಬುದನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ. ರಾತ್ರಿ ಒಲೆ ಮೇಲೆ ಅನ್ನ ಬೇಯುವಾಗ ಒಂದು ಕೈಯಲ್ಲಿ ಫೋನ್ ಹಿಡಿದು ‘ಎರಡನೇ ತರಗತಿ ಗಣಿತ’, ‘ಮಕ್ಕಳ ಹಾಡು ಪ್ರಾಣಿಗಳು’ ಎಂದು ಹುಡುಕುವುದು. ಮೇಲಿನ ಚಿತ್ರ ನೋಡುವುದು. ಎಷ್ಟು ಜನ ನೋಡಿದ್ದಾರೆ ಎಂಬ ಅಂಕಿ ನೋಡುವುದು. ಕೋಟಿ ದಾಟಿದ್ದರೆ, ಇಷ್ಟು ಜನ ತಂದೆತಾಯಿ ತೋರಿಸಿದ್ದಾರೆ ಎಂದ ಮೇಲೆ ಒಳ್ಳೆಯದೇ ಇರಬೇಕು ಎಂದುಕೊಳ್ಳುವುದು. ಅರ್ಧ ನಿಮಿಷ ಓಡಿಸಿ, ಬಣ್ಣ ಚೆನ್ನಾಗಿದೆ, ಕುಣಿತ ಇದೆ, ಹಾಡಿದೆ ಎಂದರೆ ಪೆನ್‌ಡ್ರೈವಿಗೆ ಹಾಕಿಕೊಳ್ಳುವುದು. ಒಂದನ್ನೂ ಕೊನೆಯವರೆಗೆ ನೋಡಿದವಳಲ್ಲ. ಮಾರನೇ ದಿನ ಮಕ್ಕಳು ಕದಲದೆ ಕೂತರೆ ಆ ವಿಡಿಯೊ ಪಾಸು. ಮಿಸುಕಾಡಿದರೆ, ಪಕ್ಕದವರನ್ನು ಚಿವುಟಿದರೆ ಫೇಲು. ಅದನ್ನು ಅಳಿಸಿ ಇನ್ನೂ ಜೋರಾದದ್ದನ್ನು ತರುತ್ತಿದ್ದೆ.

ಹೀಗೆ ಸೋಸಿ ಸೋಸಿ ಕೊನೆಗೆ ನನ್ನ ಪೆನ್‌ಡ್ರೈವಿನಲ್ಲಿ ಉಳಿದದ್ದು ಮಕ್ಕಳು ಕಣ್ಣು ಮಿಟುಕಿಸದೆ ನೋಡುವಂಥವು ಮಾತ್ರ. ಟಿವಿ ಹಾಕಿದ ಗಳಿಗೆಗೆ ಕೋಣೆ ತಣ್ಣಗಾಗುತ್ತಿತ್ತು. ಆ ನಿಶ್ಶಬ್ದದಲ್ಲಿ ನಾನು ಏನು ಮಾಡುತ್ತಿದ್ದೆ? ಬಿಸಿಯೂಟದ ಲೆಕ್ಕ, ಹಾಜರಿ, ಆನ್‌ಲೈನ್ ಎಂಟ್ರಿ. ಕೆಲಸ ನಿಜವಾಗಿಯೂ ಅಷ್ಟಿತ್ತು, ಸುಳ್ಳಲ್ಲ. ಆದರೆ ಮಕ್ಕಳ ಮುಖಕ್ಕೆ ಬೆನ್ನು ಮಾಡಿ ಕೂತಿದ್ದೆ ಎಂಬುದೂ ಸುಳ್ಳಲ್ಲ.

ಆಷಾಢದ ಗಾಳಿ ಬೀಸುತ್ತಿದ್ದ ಒಂದು ದಿನ. ಕಿಟಕಿ ಮುಚ್ಚಿದ್ದೆವು. ಟಿವಿಯಲ್ಲಿ ನೀಲಿ ಬಣ್ಣದ ಆನೆಮರಿ. ಉದ್ದುದ್ದ ರೆಪ್ಪೆಗೂದಲು, ಕೊರಳಿಗೆ ಕೆಂಪು ರಿಬ್ಬನ್ನು. ಹಾಡಿನ ಜೊತೆಗೆ ಅದು ಕೆರೆಯೊಳಕ್ಕೆ ಸೊಂಡಿಲು ಇಳಿಬಿಟ್ಟು, ನಾವು ಕೊಳವೆ ಹಾಕಿ ಎಳನೀರು ಕುಡಿದ ಹಾಗೆ ಸೊರ್ ಸೊರ್ ಎಂದು ನೀರು ಕುಡಿಯುತ್ತಿತ್ತು. ಕುಡಿದಂತೆಲ್ಲ ಹೊಟ್ಟೆ ಉಬ್ಬುತ್ತಿತ್ತು.

ಎರಡನೇ ತರಗತಿಯ ಒಬ್ಬ ಹುಡುಗ ಎದ್ದು ನಿಂತ. ಸೋಲಿಗರ ಹುಡುಗ, ಪೋಡು ಎನ್ನುವ ಅವರ ಹಾಡಿಯಿಂದ ನಡೆದು ಬರುವವನು. ಅವರಪ್ಪ ಕಾಡಿನಲ್ಲಿ ವಾಚರ್ ಕೆಲಸ ಮಾಡುತ್ತಾನೆ.

“ಅಲ್ಲ ಮಿಸ್ಸು. ಆನ ಹಂಗ ಕುಡಿಯಲ್ಲ. ಸೊಂಡ್ಲಲಿ ಎಳ್ಕತದ, ಆಮೇಲ ಬಾಯ್ಗ ಬುಟ್ಕತದ.”

ಬಲಗೈಯನ್ನು ಮುಂದಕ್ಕೆ ಚಾಚಿ, ಮಡಚಿ, ಬಾಯಿಗೆ ತಂದು ತೋರಿಸಿದ. ನಾನು ರಿಜಿಸ್ಟರಿನಿಂದ ಪೂರ್ತಿ ತಲೆ ಎತ್ತಲೂ ಇಲ್ಲ.

“ಶ್... ಸುಮ್ನೆ ನೋಡು.”

“ನಾ ನೋಡಿವ್ನಿ ಮಿಸ್ಸು.”

“ಎಲ್ರೂ ನೋಡ್ತಾ ಇದಾರಲ್ಲ, ನೀನೂ ಕೂತ್ಕೊಂಡು ನೋಡು.”

ಅವನು ಕೂತ. ಮಡಚಿದ ತೋಳು ಇನ್ನೂ ಸೊಂಡಿಲಿನ ಹಾಗೇ ಬಾಯಿ ಹತ್ತಿರ ಇತ್ತು. ಸ್ವಲ್ಪ ಹೊತ್ತಿಗೆ ಅದೂ ಮಡಿಲಿಗೆ ಇಳಿಯಿತು. ‘ನೋಡಿವ್ನಿ’ ಎಂದು ಅವನು ಅಂದದ್ದು ಟಿವಿಯನ್ನಲ್ಲ, ಆನೆಯನ್ನು ಎಂಬುದು ನನಗೆ ಹೊಳೆದದ್ದು ಎಷ್ಟೋ ತಿಂಗಳ ಮೇಲೆ. ಅವನು ಹೇಳಿದ್ದೇ ಸರಿ. ಆನೆ ಸೊಂಡಿಲಿನಿಂದ ಕುಡಿಯುವುದಿಲ್ಲ. ಅದು ಮೂಗು. ನೀರನ್ನು ಅದರಲ್ಲಿ ಎಳೆದುಕೊಂಡು ಬಾಯಿಗೆ ಸುರಿದುಕೊಳ್ಳುತ್ತದೆ. ಕಾಡಿನ ಮಗುವೊಂದು ಕಣ್ಣಾರೆ ಕಂಡದ್ದನ್ನು ಹೇಳಲು ಎದ್ದು ನಿಂತಾಗ, ಆನೆಯನ್ನು ಬಸ್ಸಿನ ಕಿಟಕಿಯಿಂದ ಒಂದೆರಡು ಸಲ ಕಂಡ ನಾನು, ಯಾರೋ ಎಲ್ಲೋ ಕೂತು ಬರೆದ ನೀಲಿ ಆನೆಯ ಪರವಾಗಿ ಅವನ ಬಾಯಿ ಮುಚ್ಚಿಸಿದೆ. ಆಮೇಲೆ ಆ ವರ್ಷವೆಲ್ಲ ಅವನು ಟಿವಿ ಮುಂದೆ ಎದ್ದು ನಿಲ್ಲಲಿಲ್ಲ. ಬೇರೆ ಯಾರೂ ನಿಲ್ಲಲಿಲ್ಲ. ಬಂದವರು ಹೊಗಳಿದ ಶಾಂತಿ ಇದೇ.

ಮೊದಲು ಪೆಟ್ಟು ಬಿದ್ದದ್ದು ಲೆಕ್ಕದಲ್ಲಿ. ಒಂದರಿಂದ ನೂರರವರೆಗಿನ ಹಾಡೊಂದನ್ನು ಎರಡು ತಿಂಗಳು ದಿನಾ ಹಾಕಿದ್ದೆ. ಎರಡನೇ ತರಗತಿಯ ಒಬ್ಬಳು ಅದನ್ನು ಒಂದು ಅಕ್ಷರ ತಪ್ಪದೆ, ಕುಣಿತದ ಸಮೇತ ಹೇಳುತ್ತಿದ್ದಳು. ಸೆಪ್ಟೆಂಬರಿನಲ್ಲಿ ಮೌಲ್ಯಮಾಪನಕ್ಕೆ ಕೂರಿಸಿಕೊಂಡು, ಮುಂದೆ ಹುಣಸೆ ಬೀಜದ ಬಟ್ಟಲಿಟ್ಟು, “ಎಂಟು ಬೀಜ ಎಣಿಸಿ ಕೊಡು ಪುಟ್ಟಿ” ಎಂದೆ. ಅವಳು ಹಾಡು ಶುರು ಮಾಡಿದಳು. ಹಾಡಿನ ತಾಳಕ್ಕೆ ಕೈ ಬಟ್ಟಲಿಗೆ ಹೋಗಿ ಬರುತ್ತಿತ್ತು. ಒಂದು ಸಲ ಒಂದು ಬೀಜ, ಒಂದು ಸಲ ಮೂರು, ಒಂದೊಂದು ಸಲ ಬರಿಗೈ. ಎಂಟು ಬಂತು, ಹೋಯಿತು. ಹದಿನೆಂಟೂ ಹೋಯಿತು. ಇಪ್ಪತ್ತನಾಲ್ಕಕ್ಕೆ ಬಂದವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಕಣ್ಣಲ್ಲಿ ಗಾಬರಿ. ಎಲ್ಲಿ ನಿಲ್ಲಬೇಕೆಂದು ಅವಳಿಗೆ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ಆ ಹಾಡಿನಲ್ಲಿ ಎಂಟರ ಹತ್ತಿರ ನಿಲ್ಲುವ ಜಾಗವೇ ಇಲ್ಲ. ಎಂಟು ಎಂದರೆ ಅವಳ ಪಾಲಿಗೆ ಏಳು ಒಂಬತ್ತುಗಳ ನಡುವಿನ ಒಂದು ಸದ್ದು, ಅಷ್ಟೆ.

ಆವತ್ತು ನನಗೆ ನಾಚಿಕೆಯಾಗಿದ್ದು ನಲಿಕಲಿಯ ಮುಂದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಮ್ಮಂಥ ಶಿಕ್ಷಕರೇ ಆಂಧ್ರದ ರಿಷಿವ್ಯಾಲಿ ಶಾಲೆಯ ಪದ್ಧತಿಯನ್ನು ನೋಡಿಬಂದು ಕಟ್ಟಿದ ಕ್ರಮ ಅದು. ಅದರ ಜೀವ ಇರುವುದು ಒಂದೇ ಮಾತಿನಲ್ಲಿ: ಈ ಕಲಿಕೆಯ ಕಾರ್ಡು ಮುಗಿಯದೆ ಮಗು ಮುಂದಿನ ಕಾರ್ಡಿಗೆ ಹೋಗುವುದಿಲ್ಲ. ಒಬ್ಬರಿಗೆ ಎರಡು ದಿನ, ಇನ್ನೊಬ್ಬರಿಗೆ ಎರಡು ವಾರ. ಮೊದಲ ತಟ್ಟೆಯಲ್ಲಿ, ಅಂದರೆ ಮೊದಲ ಗುಂಪಿನಲ್ಲಿ, ಕೂತವರಿಗೆ ಶಿಕ್ಷಕಿಯ ಪೂರ್ತಿ ನೆರವು, ಆಮೇಲೆ ಗೆಳೆಯರ ನೆರವು, ಆಮೇಲೆ ತಾನೇ. ಇಷ್ಟು ವರ್ಷ ಅದನ್ನೇ ಮಾಡಿದವಳು, ಟಿವಿ ಹಾಕಿದ ಕೂಡಲೇ ಮೂರು ತರಗತಿಯ ಮಕ್ಕಳನ್ನೂ ಒಂದೇ ಬಂಡಿಗೆ ಕಟ್ಟಿ ಒಂದೇ ವೇಗದಲ್ಲಿ ಎಳೆಸಿದ್ದೆ. ಕೈಕಸಬು ಗೊತ್ತಿದ್ದೂ ಮರೆತದ್ದು. ತಿಳಿಯದೆ ಮಾಡಿದೆ ಎನ್ನುವ ನೆಪವೂ ನನಗಿಲ್ಲ.

ಆದರೂ ನಾನು ಪೂರ್ತಿ ಎಚ್ಚರವಾದದ್ದು ದಸರಾ ರಜೆಯಲ್ಲಿ, ತವರಿನಲ್ಲಿ.

ನನ್ನ ಮಗಳಿಗೆ ಆಗ ಏಳು ವರ್ಷ. ಶಾಲೆಗೆ ಆರಿಸಿದ ಹಾಗೇ ಮನೆಯಲ್ಲೂ ಅವಳಿಗೆ ವಿಡಿಯೊ ಆರಿಸಿ ಕೊಡುತ್ತಿದ್ದೆ. ಸಂಜೆ ನಾನು ಬಸ್ಸಿಳಿದು ಬರುವವರೆಗೆ ಅವಳಿಗೆ ಅದೇ ಜೊತೆ. ಅವಳಿಗೆ ತುಂಬ ಇಷ್ಟವಾಗಿದ್ದು ಚಿಟ್ಟೆಯ ಜೀವನಚಕ್ರದ್ದು. ‘ಎಗ್, ಕ್ಯಾಟರ್‌ಪಿಲ್ಲರ್, ಪ್ಯೂಪಾ, ಬಟರ್‌ಫ್ಲೈ’ ಎಂದು ಬೆರಳು ಮಡಚಿ ಹೇಳುವಳು. ನೆಂಟರು ಬಂದರೆ ನಾನೇ ಹೇಳಿಸುತ್ತಿದ್ದೆ.

ಅವ್ವನ ಹುಳುಮನೆಗೆ ಕರೆದುಕೊಂಡು ಹೋದೆ. ಹುಳ ನಾಲ್ಕನೇ ಜ್ವರಕ್ಕೆ ಕೂತಿತ್ತು. ರೇಷ್ಮೆ ಸಾಕದವರಿಗೆ ಹೇಳಬೇಕು: ಹುಳ ಗೂಡು ಕಟ್ಟುವಷ್ಟರಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ತಿನ್ನುವುದು ಬಿಟ್ಟು, ತಲೆ ಮೇಲಕ್ಕೆತ್ತಿ, ಒಂದು ದಿನದ ಮೇಲೆ ಅಲುಗದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಹಾಸಿಗೆ ಒಣಗಿರಬೇಕು, ಅದಕ್ಕೇ ಮೇಲೆ ಸುಣ್ಣದ ಪುಡಿ ಉದುರಿಸುವುದು. ತಟ್ಟೆ ತುಂಬ ಸಾವಿರಾರು ಹುಳು, ಎಲ್ಲವೂ ಕತ್ತೆತ್ತಿ ಕಲ್ಲಾಗಿ ಕೂತಿವೆ, ಮೇಲೆ ಬಿಳಿ ಪುಡಿ.

“ಅಜ್ಜಿ, ಎಲ್ಲಾ ಸತ್ತೋಗಿದಾವಾ?”

“ಇಲ್ಲ ಕನ ಮಗ, ಜರಕ್ಕ ಕೂತವ. ನಾಳ ಎದ್ದವು, ನೋಡೀಯಂತೆ.”

ನಾನು ನಡುವೆ ಬಾಯಿ ಹಾಕಿದೆ. “ನೀನು ವಿಡಿಯೊದಲ್ಲಿ ನೋಡಿದ್ಯಲ್ಲ ಪುಟ್ಟಿ, ಕ್ಯಾಟರ್‌ಪಿಲ್ಲರ್, ಅದೇ ಇದು.”

ಅವಳು ತಲೆ ಅಲ್ಲಾಡಿಸಿದಳು. “ಇದು ಕ್ಯಾಟರ್‌ಪಿಲ್ಲರ್ ಅಲ್ಲಮ್ಮ. ಇದು ಹುಳ.”

ಎಷ್ಟು ಹೇಳಿದರೂ ಒಪ್ಪಲಿಲ್ಲ. ಅವಳ ಕ್ಯಾಟರ್‌ಪಿಲ್ಲರ್ ಹಸಿರು ಬಣ್ಣದ್ದು, ಕಾಲಿಗೆ ಬೂಟು ಹಾಕಿಕೊಂಡಿದೆ, ನಗುತ್ತದೆ, ಇಂಗ್ಲಿಷ್ ಮಾತಾಡುತ್ತದೆ. ಅಜ್ಜಿ ಮನೆಯ ಹುಳ ಬೂದುಬಿಳುಪಿನದು, ತಣ್ಣಗಿರುತ್ತದೆ, ಹೆಸರಿಲ್ಲ. ನೂರು ಸಲ ನೋಡಿದ ವಿಡಿಯೊ ಅವಳನ್ನು ಹುಳುಮನೆಯ ಬಾಗಿಲವರೆಗೂ ತಂದು ಬಿಟ್ಟಿರಲಿಲ್ಲ. ಅದರ ಬದಲು ಒಂದು ಗೋಡೆ ಎಬ್ಬಿಸಿತ್ತು. ಕೊಳ್ಳೇಗಾಲದಲ್ಲಿ ಮಗ್ಗದ ಸದ್ದು ಕೇಳುವ ಬೀದಿಯಲ್ಲಿ ಬೆಳೆಯುತ್ತಿರುವ ಮಗು ಅದು. ಅಜ್ಜಿ ಬೆಳೆದ ಗೂಡು ನಮ್ಮ ಊರಿನ ಮಾರುಕಟ್ಟೆಗೇ ಬರುತ್ತದೆ. ಹುಳ, ಗೂಡು, ನೂಲು, ಸೀರೆ ನಾಲ್ಕೂ ಕೈಗೆಟುಕುವ ದೂರದಲ್ಲಿರುವಾಗ ನಾನು ಅವಳಿಗೆ ಬೂಟು ಹಾಕಿದ ಹುಳ ತೋರಿಸಿದ್ದೆ.

ಅವ್ವ ವಾದಕ್ಕೆ ಬರಲಿಲ್ಲ. ಸುಣ್ಣದ ಪುಡಿ ಕಟ್ಟಿದ ಬಟ್ಟೆ ಗಂಟನ್ನು ಮೊಮ್ಮಗಳ ಕೈಗೆ ಕೊಟ್ಟು, “ಮೆಲ್ಲಗ ತಟ್ಟು, ಮಂಜು ಬಿದ್ದಂಗ ಬೀಳ್ಬೇಕು” ಎಂದಳು. ಇವಳು ತಟ್ಟಿದಳು. ಮಾರನೇ ದಿನ ಬೆಳಿಗ್ಗೆ ಅವಳೇ ನನ್ನನ್ನು ಎಬ್ಬಿಸಿದಳು. ಹುಳುಮನೆಯಲ್ಲಿ ಅರ್ಧದಷ್ಟು ಹುಳ ಎದ್ದಿತ್ತು. ಅಂಗೈಯಲ್ಲಿ ಏನೋ ಹಿಡಿದುಕೊಂಡು ಬಂದಳು: ಬಿಟ್ಟ ಪೊರೆ, ಅದರ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಕಂದು ಬಣ್ಣದ ಚಿಪ್ಪು. “ಅಮ್ಮ, ಇದು ಅದರ ಹಳೇ ಮುಖ!” ಯಾವ ವಿಡಿಯೊದಲ್ಲೂ ಅವಳು ಅದನ್ನು ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ರೇಷ್ಮೆ ಮನೆಯಲ್ಲಿ ಹುಟ್ಟಿದ ನನಗೆ ಪೊರೆಯ ತಲೆಯ ಚಿಪ್ಪು ಬೇರೆಯಾಗಿ ಉದುರುತ್ತದೆಂದು ಮೂವತ್ತೆಂಟನೇ ವಯಸ್ಸಿಗೆ ಗೊತ್ತಾಯಿತು. ಆ ವಾರವೆಲ್ಲ ಅವಳು ಹುಳುಮನೆ ಬಿಟ್ಟು ಬರಲಿಲ್ಲ. ಹುಳ ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ಹೊತ್ತಿಗೆ ರಜೆ ಮುಗಿದಿತ್ತು. ಅತ್ತುಕೊಂಡೇ ಬಸ್ಸು ಹತ್ತಿದಳು.

ಆಮೇಲೆ ನಾನು ಸ್ವಲ್ಪ ಓದಲು ಶುರು ಮಾಡಿದೆ. ಮಗು ಕಣ್ಣು ಕೀಳದೆ ನೋಡಿದರೆ ಕಲಿಯುತ್ತಿದೆ ಎಂದು ನಂಬಿದವಳು ನಾನೊಬ್ಬಳೇ ಏನಲ್ಲ ಎಂದು ತಿಳಿಯಿತು. ಅಮೆರಿಕದಲ್ಲಿ 1969ರಲ್ಲಿ ‘ಸೆಸಮಿ ಸ್ಟ್ರೀಟ್’ ಎಂಬ ಮಕ್ಕಳ ಕಾರ್ಯಕ್ರಮ ಟಿವಿಗೆ ಬಂತು. ಅದರ ವಿಷಯವಾಗಿ ಡೇನಿಯಲ್ ಆಂಡರ್ಸನ್, ಎಲಿಜಬೆತ್ ಲಾರ್ಚ್ ಮತ್ತು ಅವರ ಸಂಗಡಿಗರು ನಡೆಸಿದ ಅಧ್ಯಯನವೊಂದು 1979ರಲ್ಲಿ ಪ್ರಕಟವಾಯಿತು. ಐದು ವರ್ಷದ ಮಕ್ಕಳ ಎರಡು ಗುಂಪು. ಒಂದು ಗುಂಪಿಗೆ ಬರೀ ಟಿವಿ. ಇನ್ನೊಂದು ಗುಂಪಿನ ಕೋಣೆಯಲ್ಲಿ ಟಿವಿಯ ಜೊತೆಗೆ ಆಟದ ಸಾಮಾನೂ ಉಂಟು. ಮೊದಲ ಗುಂಪು ಶೇಕಡ 87 ಹೊತ್ತು ಪರದೆ ನೋಡಿತು. ಆಟದ ಸಾಮಾನಿದ್ದವರು ನೋಡಿದ್ದು ಹೆಚ್ಚುಕಡಿಮೆ ಅದರ ಅರ್ಧ ಹೊತ್ತು. ಆಮೇಲೆ ಎರಡೂ ಗುಂಪಿಗೆ ಪ್ರಶ್ನೆ ಕೇಳಿದರೆ ಅರ್ಥವಾದದ್ದು ಒಂದೇ ಸಮ. ಆಡುತ್ತಿದ್ದ ಮಕ್ಕಳು ತಮಗೆ ಅರ್ಥವಾಗುವ ಜಾಗಕ್ಕೆ ತಲೆ ಎತ್ತಿ ನೋಡಿ, ಅರ್ಥವಾಗದ ಕಡೆ ಆಟಕ್ಕೆ ಮರಳುತ್ತಿದ್ದರು. ಅಂದರೆ ನೋಡುವುದರಿಂದ ಅರ್ಥವಾಗುವುದಕ್ಕಿಂತ ಹೆಚ್ಚಾಗಿ, ಅರ್ಥವಾಗುವುದರಿಂದ ಮಗು ನೋಡುತ್ತದೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಿಸುಕಾಡಿದ ಮಕ್ಕಳ ಮೇಲೆ ನಾನು ರೇಗಿದ್ದು, ಮಿಸುಕಾಡಿಸಿದ ವಿಡಿಯೊಗಳನ್ನು ಅಳಿಸಿದ್ದು ಎಲ್ಲ ನೆನಪಾಯಿತು. ಅಳಿಸಿದವುಗಳಲ್ಲಿ ಎಷ್ಟು ಒಳ್ಳೆಯವಿದ್ದವೋ.

ನಮ್ಮ ರಾಜ್ಯದ್ದೇ ಒಂದು ಹಳೆಯ ಉದಾಹರಣೆಯೂ ಕಣ್ಣಿಗೆ ಬಿತ್ತು. 1975ರ ಆಗಸ್ಟಿನಿಂದ ಒಂದು ವರ್ಷ, ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಕಳಿಸುವ ‘ಸೈಟ್’ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ ಬಂತು. ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗೆ ಅವರವರ ಭಾಷೆಯಲ್ಲಿ ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷದ ಕಾರ್ಯಕ್ರಮ. ಅದು ಮುಗಿದರೆ ಮುಗಿಯಿತು. ಮುಂದಿನದು ನಾಳೆ. ಉಳಿದ ದಿನವೆಲ್ಲ ಶಿಕ್ಷಕರದು, ಮಕ್ಕಳದು. ಈಗ ಫೋನಿನಲ್ಲಿ ಒಂದು ಮುಗಿಯುತ್ತಲೇ ಇನ್ನೊಂದು ತಾನಾಗಿ ಶುರುವಾಗುತ್ತದೆ. ಮಗು ಯೋಚಿಸುವುದು ಆ ಎರಡರ ನಡುವಿನ ಖಾಲಿ ಜಾಗದಲ್ಲಿ. ಅದನ್ನೇ ತೆಗೆದುಬಿಟ್ಟಿದ್ದಾರೆ. ನನ್ನ ಮನಸ್ಸಿಗೆ ತುಂಬ ನೋವಾಗುವುದು ಇದಕ್ಕೇ.

ಪೋಷಕರ ಸಭೆಯಲ್ಲಿ ಇದನ್ನೆಲ್ಲ ಹೇಳಲು ನಿಂತೆ. ಮನೆಯಲ್ಲಿ ಊಟ ಮಾಡಿಸುವಾಗ, ಮಲಗಿಸುವಾಗ ಮೊಬೈಲ್ ಕೊಡಬೇಡಿ ಎಂದೆ. ಕೂಲಿಗೆ ಹೋಗುವ ಒಬ್ಬ ತಾಯಿ ಎದ್ದು, “ಇಸ್ಕೂಲಲ್ಲೂ ಅದ್ನೇ ತೋರುಸ್ತೀರಂತಲ್ಲ ಮಿಸ್ಸು, ಒಳ್ಳೇದಕ್ಕೇ ಇರ್ಬೇಕು ಅಂದ್ಕಂಡು ಕೊಟ್ಟೊ” ಎಂದಳು. ಜಗಳಕ್ಕೆ ಕೇಳಿದ್ದಲ್ಲ, ನಂಬಿ ಕೇಳಿದ್ದು. ಕೋಟಿ ಅಂಕಿ ನೋಡಿ ನಾನು ನಂಬಿದ್ದೆ, ನನ್ನನ್ನು ನೋಡಿ ಅವಳು ನಂಬಿದ್ದಳು. ತಪ್ಪು ನನ್ನದೇ ಎಂದು ಆ ಸಭೆಯಲ್ಲೇ ಹೇಳಿದೆ. ಹೇಳಿದ್ದರಿಂದ ಮರ್ಯಾದೆಯೇನೂ ಹೋಗಲಿಲ್ಲ.

ಟಿವಿಯನ್ನು ನಾನು ಬಿಟ್ಟಿಲ್ಲ. ಬಿಡಬೇಕೆಂದು ವಾದಿಸುವವರನ್ನು ಒಪ್ಪುವುದೂ ಇಲ್ಲ. ಸಮುದ್ರವನ್ನು, ಹಿಮವನ್ನು, ಜೋಳದ ಕಾಳು ಮೊಳೆಯುವ ಮೂರು ದಿನವನ್ನು ಒಂದು ನಿಮಿಷದಲ್ಲಿ ನಮ್ಮ ಮಕ್ಕಳಿಗೆ ತೋರಿಸುವ ಶಕ್ತಿ ಅದಕ್ಕಿದೆ. ಆರಿಸುವ ರೀತಿ ಬದಲಾಯಿಸಿಕೊಂಡೆ, ಅಷ್ಟೆ. ಈಗ ಯಾವ ವಿಡಿಯೊವನ್ನೇ ಆಗಲಿ ನಾನು ಮೊದಲು ಧ್ವನಿ ತೆಗೆದು ಕೊನೆಯವರೆಗೆ ನೋಡುತ್ತೇನೆ. ಹಾಡು, ಕಿರುಚಾಟ, ಗಂಟೆಯ ಸದ್ದು ಎಲ್ಲ ಹೋದ ಮೇಲೆ ಕಣ್ಣಿಗೆ ನೋಡುವಂಥದ್ದು ಏನಾದರೂ ಉಳಿಯುತ್ತದೆಯೇ? ನಾನು ಹಿಂದೆ ಮೆಚ್ಚಿದವುಗಳಲ್ಲಿ ಬಹುಪಾಲು ಇಲ್ಲೇ ಬಿದ್ದುಹೋದವು. ಧ್ವನಿ ತೆಗೆದರೆ ಅವುಗಳಲ್ಲಿ ಬಣ್ಣ ಕುಣಿಯುವುದು ಬಿಟ್ಟು ಬೇರೇನೂ ಇರಲಿಲ್ಲ. ಉಳಿದದ್ದನ್ನು ಮಕ್ಕಳಿಗೂ ಮೊದಲ ಸಲ ಧ್ವನಿ ಇಲ್ಲದೆಯೇ ತೋರಿಸುತ್ತೇನೆ. ಏನಾಗುತ್ತಿದೆ ಎಂದು ಅವರೇ ಹೇಳಬೇಕು. ಇದರಿಂದ ನಾನು ಎಣಿಸದ ಲಾಭವೂ ಆಯಿತು. ನಮ್ಮ ಸೀಮೆ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇವತ್ತಿಗೂ ಮನೆಯಲ್ಲಿ ತಮಿಳಾಡುವ ಮಕ್ಕಳು ನನ್ನ ಕೋಣೆಯಲ್ಲಿದ್ದಾರೆ, ಸೋಲಿಗನುಡಿ ಆಡುವವರಿದ್ದಾರೆ. ವಿಡಿಯೊಗಳ ಪುಸ್ತಕದ ಕನ್ನಡ ಅವರಿಗೆಲ್ಲ ದೂರ. ಧ್ವನಿ ತೆಗೆದ ದಿನ ಅವರು ತಮ್ಮ ತಮ್ಮ ಮಾತಿನಲ್ಲಿ ಹೇಳತೊಡಗಿದರು. ಒಂದೇ ಏಡಿಗೆ ಮೂರು ಹೆಸರು ಬಂದವು. ಅವನ್ನು ಹಲಗೆ ಮೇಲೆ ಬರೆದೆವು.

ಇನ್ನೊಂದು, ನಿಲ್ಲಿಸುವುದು. ರಿಮೋಟು ಈಗ ನನ್ನ ಕೈ ಬಿಡುವುದಿಲ್ಲ, ರಿಜಿಸ್ಟರು ಆ ಹೊತ್ತಿಗೆ ಬೀರುವಿನಲ್ಲಿ. ಐದು ನಿಮಿಷದ ವಿಡಿಯೊ ನಮ್ಮಲ್ಲಿ ಅರ್ಧ ಗಂಟೆ ಹಿಡಿಯುತ್ತದೆ. ಅದೇ ವಿಡಿಯೊ ನಾಳೆಯೂ, ನಾಡಿದ್ದೂ ಇರುತ್ತದೆ. ಮೊದಮೊದಲು ಮಕ್ಕಳು ಬೇಸರ ಪಟ್ಟಾರು ಎಂಬ ಅಂಜಿಕೆ ಇತ್ತು. ಆದರೆ 1996ರಲ್ಲಿ ಅಮೆರಿಕದಲ್ಲಿ ಶುರುವಾದ ‘ಬ್ಲೂಸ್ ಕ್ಲೂಸ್’ ಎಂಬ ಚಿಕ್ಕ ಮಕ್ಕಳ ಕಾರ್ಯಕ್ರಮದವರು ಒಂದೇ ಕಂತನ್ನು ಸೋಮವಾರದಿಂದ ಶುಕ್ರವಾರದವರೆಗೆ ಐದು ದಿನ ತೋರಿಸುತ್ತಿದ್ದರು. ಪ್ರಶ್ನೆ ಕೇಳಿ, ಮಗು ಉತ್ತರ ಹೇಳಲೆಂದು ಸುಮ್ಮನೆ ಕಾಯುತ್ತಿದ್ದರು. ಮಕ್ಕಳು ದಿನದಿಂದ ದಿನಕ್ಕೆ ಹೆಚ್ಚು ಉತ್ತರ ಕೊಡುತ್ತಿದ್ದರಂತೆ. ನನ್ನ ಕೋಣೆಯಲ್ಲೂ ಹಾಗೇ ಆಯಿತು. ಮೂರನೇ ದಿನಕ್ಕೆ ಮಾತಾಡುವವರು ಮೊದಲ ದಿನ ಬಾಯಿ ಬಿಡದ ಮಕ್ಕಳು.

ನಾನು ಈಗ ಮತ್ತೆ ಮತ್ತೆ ಹಾಕುವುದು ಅರವಿಂದ ಗುಪ್ತಾ ಅವರ ಆಟಿಕೆಯ ಚಿಕ್ಕ ಚಿಕ್ಕ ವಿಡಿಯೊಗಳನ್ನು. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಅವರ ಕೆಲಸಕ್ಕೆ 2018ರಲ್ಲಿ ಪದ್ಮಶ್ರೀ ಬಂತು. ಎರಡು ಕೈ, ಒಂದು ಕತ್ತರಿ, ಒಂದು ಕೊಳವೆ, ಅಷ್ಟೇ ಕಾಣುವುದು. ಬಣ್ಣ ಇಲ್ಲ, ಕುಣಿತ ಇಲ್ಲ. ಜ್ಯೂಸ್ ಕುಡಿಯುವ ಕೊಳವೆಯ ತುದಿಯನ್ನು ಚಪ್ಪಟೆ ಮಾಡಿ, ಎರಡೂ ಬದಿ ಓರೆಯಾಗಿ ಕತ್ತರಿಸಿ ಊದಿದರೆ ಪೀಪಿ. ಊದುತ್ತಲೇ ಇನ್ನೊಂದು ತುದಿಯನ್ನು ಚೂರು ಚೂರೇ ಕತ್ತರಿಸುತ್ತ ಹೋದರೆ ಸ್ವರ ಏರುತ್ತದೆ. ಹಿಂದಿನ ನನ್ನ ಲೆಕ್ಕದಲ್ಲಿ ಇದು ಫೇಲಾಗಬೇಕಾದ ವಿಡಿಯೊ. ಏಕೆಂದರೆ ಅರ್ಧದಲ್ಲೇ ಮಕ್ಕಳು ಎದ್ದುಬಿಟ್ಟರು. ಕೊಳವೆ ಕೊಡಿ ಎಂದು ನನ್ನನ್ನು ಮುತ್ತಿದರು. ಒಬ್ಬಳು, “ನಾವು ತೆಂಗಿನ ಗರೀಲಿ ಮಾಡ್ತೀವಲ್ಲ, ಅದೇ ಇದು” ಎಂದಳು. ಮಧ್ಯಾಹ್ನದ ಹೊತ್ತಿಗೆ ಶಾಲೆಯೆಲ್ಲ ಪೀಪಿ. ಪಕ್ಕದ ಕೋಣೆಯ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತರು. ಈ ಗಲಾಟೆಗೆ ನಾನು ಕ್ಷಮೆ ಕೇಳಲಿಲ್ಲ.

ಆಮೇಲಿನ ರಜೆಗಳಲ್ಲಿ, ಅವ್ವ ಹುಳಕ್ಕೆ ಸುಣ್ಣ ಉದುರಿಸುವುದನ್ನು, ಹಣ್ಣಾದ ಹುಳ ಆರಿಸುವುದನ್ನು, ಚಂದ್ರಿಕೆಯಿಂದ ಗೂಡು ಬಿಡಿಸುವುದನ್ನು ಮಗಳೇ ಫೋನಿನಲ್ಲಿ ಹಿಡಿದಳು. ಕೈ ನಡುಗಿದೆ, ಒಂದು ಕಡೆ ಅವಳ ಬೆರಳೇ ಅಡ್ಡ ಬಂದಿದೆ. ಮೂರು ನಿಮಿಷದ ಆ ವಿಡಿಯೊ ನನ್ನ ಪೆನ್‌ಡ್ರೈವಿನಲ್ಲಿದೆ. ಹನೂರಿನ ಮಕ್ಕಳು ಅದನ್ನು ನೋಡಿ ಕೇಳಿದ ಪ್ರಶ್ನೆಗಳನ್ನು ನಾನು ಚೀಟಿಯಲ್ಲಿ ಬರೆದು ಅವ್ವನಿಗೆ ಒಯ್ಯುತ್ತೇನೆ. ಅವಳು ಫೋನಿನಲ್ಲಿ ಉತ್ತರ ಹೇಳಿ ಕಳಿಸುತ್ತಾಳೆ.

ನೀಲಿ ಆನೆಯ ವಿಡಿಯೊವನ್ನು ಮಾತ್ರ ನಾನು ಅಳಿಸಿರಲಿಲ್ಲ. 2024ರಲ್ಲಿ, ಪ್ರಾಣಿಗಳ ಪಾಠ ಬಂದಾಗ, ಅದನ್ನೇ ಹಾಕಿದೆ. ಸೊಂಡಿಲು ಕೆರೆಗೆ ಇಳಿಯುವ ಜಾಗದಲ್ಲಿ ನಿಲ್ಲಿಸಿ, ನಾಲ್ಕನೇ ತರಗತಿಯಲ್ಲಿದ್ದ ಆ ಹುಡುಗನನ್ನು ಕರೆಸಿದೆ. ಎತ್ತರ ಬೆಳೆದಿದ್ದ. ಬಾಗಿಲ ಹತ್ತಿರವೇ ನಿಂತ.

“ನೀನು ಎರಡನೇ ಕ್ಲಾಸಲ್ಲಿದ್ದಾಗ ಇದನ್ನ ನೋಡಿ ತಪ್ಪು ಅಂತ ಹೇಳಿದ್ದೆ. ನಾನು ಸುಮ್ನೆ ಕೂರಿಸಿದ್ದೆ. ನೀನು ಹೇಳಿದ್ದೇ ಸರಿ ಇತ್ತು ಮಗ.”

ಅವನು ಪರದೆ ನೋಡಿದ, ನನ್ನನ್ನು ನೋಡಿದ. “ಯಾವಾಗ ಮಿಸ್ಸು?”

ಅವನಿಗೆ ನೆನಪೇ ಇರಲಿಲ್ಲ.

“ಇರ್ಲಿ. ಈಗ ಇವರಿಗೆ ಹೇಳು, ಆನೆ ಹೇಗೆ ನೀರು ಕುಡಿಯುತ್ತೆ?”

ಸ್ವಲ್ಪ ಹೊತ್ತು ಗೋಡೆಗೆ ಒರಗಿಯೇ ನಿಂತಿದ್ದ. ಆಮೇಲೆ ಮುಂದೆ ಬಂದು ಬಲಗೈ ಚಾಚಿದ. ಮಡಚಿದ. ಬಾಯಿಗೆ ತಂದ. ಚಿಕ್ಕವರೆಲ್ಲ ತಮ್ಮ ತಮ್ಮ ಕೈ ಚಾಚಿದರು.

“ಮರಿ ಆನ?” ಒಂದನೇ ತರಗತಿಯ ಒಬ್ಬಳು ಕೇಳಿದಳು.

“ಮರೀಗ ಸೊಂಡ್ಲು ಆಡ್ಸಕ್ಕ ಬರಲ್ಲ. ಮಂಡಿಯೂರಿ ಬಾಯ್ ಹಾಕೇ ಕುಡಿತದ.”

“ದೊಡ್ಡ ಆನ ಸೊಂಡ್ಲಲಿ ಎಷ್ಟು ನೀರು ಹಿಡಿತದ? ಒಂದು ಬಿಂದಿಗ?”

ಅವನು ಮೂಲೆಯಲ್ಲಿದ್ದ ಕುಡಿಯುವ ನೀರಿನ ಬಿಂದಿಗೆಯತ್ತ ನೋಡಿದ. ತನ್ನ ತೋಳು ನೋಡಿಕೊಂಡ. ಎಲ್ಲರೂ ಕಾಯುತ್ತಿದ್ದರು.

“ಗೊತ್ತಿಲ್ಲ,” ಎಂದ. “ಅಪ್ಪನ್ನ ಕೇಳ್ಕಂಡು ಬತ್ತೀನಿ.”